ಏಳನೆಯ ಹೊರೆಗಲ್ಲು

ನಮ್ಮ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಸದಾ ಒಂದು ಸೈಕಲ್ ಗಂಟೆ ಇರುತ್ತಿತ್ತು. ಸೈಕಲ್ ಇರಲಿಲ್ಲ, ಗಂಟೆ ಮಾತ್ರ. ವಿಶ್ವವಿದ್ಯಾಲಯದಲ್ಲಿ ಪಾರಂಪರಿಕ ಪ್ರವಾಸೋದ್ಯಮ ಓದಲು ಬಂದ ನಾವು ಇಪ್ಪತ್ತೆರಡು ಮಂದಿಯಲ್ಲಿ ಯಾರಾದರೂ ಹಳೆಯ ಗೋಡೆಯೊಂದರ ಮುಂದೆ ನಿಂತು ಬಾಯಿ ತೆರೆದರೆ ಸಾಕು, ಮೇಷ್ಟ್ರ ಹೆಬ್ಬೆರಳು ಜೇಬಿಗಿಳಿಯುತ್ತಿತ್ತು. ಆಧಾರವಿಲ್ಲದ ಒಂದು ವಾಕ್ಯ ಹೊರಬಿದ್ದರೂ, ಟ್ರಿಣ್!

"ಯಾರು ಹೇಳಿದ್ರಮ್ಮ ಇದನ್ನ? ಯಾವ ಕಡತ? ಯಾವ ಪುಟ?"

ಹೀಗಾಗಿ ಅವರು ಗಂಟೆ ಮೇಷ್ಟ್ರು. ಆ ಗಂಟೆಗೆ ಅತಿ ಹೆಚ್ಚು ಕೆಲಸ ಕೊಟ್ಟವಳು ನಾನು. ತಪ್ಪು ನನ್ನದಲ್ಲ, ನನ್ನನ್ನು ಸಾಕಿದ ಅಜ್ಜಿಯದು. ಅನ್ನದ ತುತ್ತಿಗೊಂದು ಕಥೆ, ಜಡೆಯ ಎಳೆಗೊಂದು ಕಥೆ, ಜ್ವರದ ಕಷಾಯಕ್ಕೆ ಮೂರು ಕಥೆ ಕೇಳಿ ಬೆಳೆದವಳು ಒಂದು ಗೋಡೆ ನೋಡಿ "ಇದು ಗೋಡೆ, ಉದ್ದ ನಲವತ್ತು ಅಡಿ" ಎಂದು ಸುಮ್ಮನಾಗುವುದು ಹೇಗೆ?

ನಮ್ಮ ಕೊನೆಯ ವರ್ಷಕ್ಕೆ ನಡಿಗೆ ಪರೀಕ್ಷೆ ಎಂಬುದೊಂದಿತ್ತು. ಹತ್ತು ಮಂದಿ ಸಹಪಾಠಿಗಳು ಪ್ರವಾಸಿಗರಾಗಿ ಬರುತ್ತಾರೆ. ಅವರನ್ನು ಒಂದು ಬೀದಿಯಲ್ಲಿ ಏಳು ಕಡೆ ನಿಲ್ಲಿಸಿ, ಆ ಜಾಗದ ಹಳೆಯ ಸಂಗತಿ ಹೇಳಬೇಕು. ಮೂರು ಸಲ ಗಂಟೆ ಬಾರಿಸಿದರೆ ನಪಾಸು. ಮೊದಲ ಸಲ ನಾನು ಹಳೆಯ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ರಾಜಕುಮಾರಿಯೊಬ್ಬಳ ಗೆಜ್ಜೆ ಕಳೆದು ನಪಾಸಾದೆ. ಎರಡನೆಯ ಸಲ ಗಡಿಯಾರದ ಗೋಪುರದ ಕೆಳಗೆ ಒಂದೇ ಉಸಿರಿಗೆ ಮೂರೂ ಗಂಟೆ ಬಿದ್ದವು. "ಈ ಗಡಿಯಾರ ಮಾಡಿದವನಿಗೆ ಒಬ್ಬಳೇ ಮಗಳು." ಟ್ರಿಣ್. "ಅವಳಿಗೆ ಮಾತು ಬರುತ್ತಿರಲಿಲ್ಲ." ಟ್ರಿಣ್. "ಅವಳ ಬದಲು ಮಾತಾಡಲಿ ಎಂದೇ ಅಪ್ಪ ಗಡಿಯಾರಕ್ಕೆ ನಾಲಿಗೆ ಇಟ್ಟ." ಟ್ರಿಣ್. ಪ್ರವಾಸಿಗರಲ್ಲಿ ನಾಲ್ವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ಅಂಕಪಟ್ಟಿಯಲ್ಲಿ ಸೊನ್ನೆಯನ್ನು ಬಲು ದುಂಡಗೆ ಬರೆದರು.

"ನೋಡಮ್ಮ," ಎಂದರು ಆಮೇಲೆ, ಬೈಗುಳವೂ ಅಲ್ಲದ ಸಮಾಧಾನವೂ ಅಲ್ಲದ ದನಿಯಲ್ಲಿ. "ನೀನು ಹೇಳಿದ್ದನ್ನ ನಾಳೆ ಇನ್ನೊಬ್ಬ ಗೈಡು ಹೇಳ್ತಾನೆ. ನಾಡಿದ್ದು ಅದನ್ನ ಬೋರ್ಡಿಗೆ ಬರೀತಾರೆ. ಆಮೇಲೆ ನಿಜವಾಗಿ ಗಡಿಯಾರ ಮಾಡಿದ ಮನುಷ್ಯ ಎಲ್ಲಿಗೆ ಹೋಗ್ಬೇಕು ಹೇಳು?"

ಮೂರನೆಯದೇ ಕೊನೆಯ ಅವಕಾಶ. ಅದೂ ತಪ್ಪಿದರೆ ವರ್ಷ ಪೂರ್ತಿ ಮತ್ತೆ ಮೊದಲಿಂದ ಓದಬೇಕು. ಗೈಡಿನ ಪರವಾನಗಿ ಅಂತೂ ಆಕಾಶದ ನಕ್ಷತ್ರವೇ.

ಮೂರನೆಯ ಸಲದ ಬೀದಿಗಾಗಿ ಡಬ್ಬಿಯೊಳಗೆ ಕೈಹಾಕಿ ಚೀಟಿ ಎತ್ತಿದೆ. ಬಿಡಿಸಿ ನೋಡಿದರೆ ನಮ್ಮದೇ ಬೀದಿ! ಹೊಳೆಯ ದೋಣಿಕಟ್ಟೆಯಿಂದ ಮೇಲಿನ ಪೇಟೆಯವರೆಗೆ ಏದುಸಿರು ಬಿಡಿಸುತ್ತ ಏರುವ ಏರುಬೀದಿ. ಕೆಳಗಿನ ತುದಿಯಲ್ಲಿ ನಮ್ಮ ಮನೆ, ಮೇಲಿನ ತುದಿಯಲ್ಲಿ ನಾನು ಅ ಆ ಕಲಿತ ಶಾಲೆ.

"ಅಯ್ಯೋ ಪಾಪ," ಎಂದಳು ಪಕ್ಕದಲ್ಲಿದ್ದ ನಿಘಂಟು. ಕೇಳಿದ್ದಕ್ಕೂ ಕೇಳದ್ದಕ್ಕೂ ಅರ್ಥ ಹೇಳುವ ಈ ಗೆಳತಿಗೆ ಆ ಹೆಸರು ನಾನೇ ಇಟ್ಟದ್ದು. "ಆ ಬೀದೀಲಿ ಏನಿದೆಯೇ? ಒಂದು ಬೀಗದಂಗಡಿ, ಒಂದು ಇಸ್ತ್ರಿ ಅಂಗಡಿ, ನಿಮ್ಮಜ್ಜಿ ಕೂರೋ ದರ್ಜಿ ಅಂಗಡಿ. ಪರಂಪರೆ ಅಂತ ತೋರಿಸೋಕೆ ನಿಮ್ಮಜ್ಜೀನೇ ನಿಲ್ಲಿಸ್ಬೇಕು."

ನನಗೋ ಒಳಗೊಳಗೇ ಸಂತೋಷ. ಏನೂ ಇಲ್ಲವಂತೆ! ಆ ಬೀದಿಯಲ್ಲಿ ನನ್ನ ಪಾಲಿಗೆ ಏಳು ಕಥೆಗಳಿದ್ದವು. ಅಮ್ಮ ಬೆಳಗಾಗುವ ಮೊದಲೇ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿದ್ದರಿಂದ ನನ್ನನ್ನು ಶಾಲೆಗೆ ಬಿಡುತ್ತಿದ್ದವಳು ಅಜ್ಜಿ. ಬಿಟ್ಟು, ಶಾಲೆಯ ಪಕ್ಕದ ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜ ಹೊಲಿಯಲು ಕೂರುತ್ತಿದ್ದಳು. ದಾರಿಯುದ್ದಕ್ಕೂ ಏಳು ಕಡೆ ಏಳು ಕಥೆ. ಬೀಗದಂಗಡಿಯ ಬಳಿ, ತನ್ನ ನಿದ್ದೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ಕಳೆದುಕೊಂಡ ರಾಜ. ಹಸಿರು ಬಾಗಿಲ ಮನೆಯ ಬಳಿ, ತನ್ನ ನೆರಳಿನ ಜೊತೆ ಮಾತು ಬಿಟ್ಟ ರಾಣಿ. ಕಾಲಾಡಿಸುತ್ತ ಕೇಳುತ್ತಿದ್ದೆ. ಅಜ್ಜಿಯ ಮುಖ ನನ್ನ ಮುಖಕ್ಕೆ ಸಮನಾಗಿ, ಇಷ್ಟೇ ದೂರದಲ್ಲಿ ಇರುತ್ತಿತ್ತು. ಮೂಗುಬೊಟ್ಟಿನ ಕಲ್ಲಿನೊಳಗೆ ರಾಜನ ಪೆಟ್ಟಿಗೆ ಕಾಣುತ್ತದೆ ಎಂದೇ ನಾನು ನಂಬಿದ್ದೆ.

ಆ ಸಂಜೆ ಬಾಗಿಲಲ್ಲೇ ಕೂಗಿದೆ. "ಅಜ್ಜೀ, ಆ ಏಳು ಕಥೆ ನಿಂಗೆ ಹೇಳಿದ್ದು ಯಾರು?"

"ಯಾವ ಏಳು?"

"ನಮ್ಮ ಬೀದಿದು. ನಿದ್ದೆಗೆ ಬೀಗ ಹಾಕಿದ ರಾಜ."

"ಅವನಾ? ಅವನಿನ್ನೂ ಎದ್ದೇ ಕೂತಿದಾನಾ?" ಸೂಜಿಗೆ ದಾರ ಪೋಣಿಸುತ್ತ ಅಜ್ಜಿ ನಕ್ಕಳು. "ಏ ಮೂಟೆ, ಮೊದಲು ಕೈಕಾಲು ತೊಳ್ಕೊ. ರಾಜ ಎಲ್ಲೂ ಓಡಿಹೋಗಲ್ಲ."

ನಾನು ಕಡ್ಡಿಯಂತಿದ್ದರೂ ಅಜ್ಜಿಗೆ ಇಂದಿಗೂ ಮೂಟೆಯೇ. ಯಾಕೆಂದು ಎಂದೂ ಕೇಳಿರಲಿಲ್ಲ. ಮನೆಯ ಅಡ್ಡಹೆಸರುಗಳಿಗೆ ಯಾರು ಆಧಾರ ಕೇಳುತ್ತಾರೆ?

ಮರುದಿನ ನಗರಸಭೆಯ ಕಡತದ ಕೊಠಡಿಗೆ ಹೋದೆ. ಅಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬ ಅಕ್ಕ ಇದ್ದರು. ಧೂಳಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಪ್ರತಿ ಕಡತಕ್ಕೂ ಒಂದು ಸೀನು ಕಾಣಿಕೆ. ಮೂರು ದಿನ ಕೂತು ನನ್ನ ಕಥೆಗಳ ಒಂದೊಂದು ಮನೆಯನ್ನೂ ಹುಡುಕಿದೆ. ರಾಣಿಯ ಹಸಿರು ಬಾಗಿಲ ಮನೆ ಮೊದಲು ಸೀಮೆಎಣ್ಣೆಯ ಗೋದಾಮಾಗಿತ್ತು. ನಿದ್ದೆಗೆಟ್ಟ ರಾಜನ ಜಾಗ, ಬೀಗದಂಗಡಿ ಬರುವ ಮೊದಲು, ಬರೀ ಖಾಲಿ ನಿವೇಶನ. ನಾಲ್ಕನೆಯ ಕಥೆಯ ಮಾತಾಡುವ ಆನೆ ಇದ್ದಲ್ಲಿ ಒಬ್ಬ ಹಲ್ಲಿನ ವೈದ್ಯ ಇದ್ದ.

"ನಿಮ್ಮ ಬೀದೀಲಿ ಏನೂ ನಡ್ದಿಲ್ಲ ಕಣಮ್ಮ," ಎಂದರು ಅಕ್ಕ, ಸೀನಿ. "ಚರಂಡಿ ಮಾತ್ರ ನಾಲ್ಕು ಸಲ ಒಡ್ದಿದೆ. ಬೇಕಾದ್ರೆ ಅದನ್ನ ತಗೋ."

ನನ್ನ ಮುಖ ನೋಡಿ ಅವರಿಗೇ ಮರುಕ ಹುಟ್ಟಿರಬೇಕು. ಕೊನೆಯ ಕಪಾಟಿನಿಂದ ರಸ್ತೆ ದುರಸ್ತಿಯ ಒಂದು ಹಳೆಯ ದಾಖಲೆ ಪುಸ್ತಕ ಎಳೆದು ಕೊಟ್ಟರು. ನೂರಾ ಹತ್ತು ವರ್ಷದ ಹಿಂದಿನದು. ಮೂವತ್ತೊಂದನೆಯ ಪುಟದಲ್ಲಿ ಯಾರೋ ಪುಣ್ಯಾತ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ: "ದೋಣಿಕಟ್ಟೆಯಿಂದ ಮೇಲಿನ ಪೇಟೆಗೆ ಹೋಗುವ ಬೀದಿ. ಹೊರೆಗಲ್ಲು ಏಳು. ಎತ್ತರ ಆಳಿನ ಎದೆಮಟ್ಟ. ಮೂಟೆ ಹೊರುವ ಹಮಾಲರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಂಡು ಮತ್ತೆ ಎತ್ತಿಕೊಳ್ಳುವುದಕ್ಕಾಗಿ. ಏಳೂ ಗಟ್ಟಿ ಇವೆ. ದುರಸ್ತಿ ಬೇಡ."

ಏಳು! ಪುಸ್ತಕ ಎದೆಗವುಚಿಕೊಂಡು ಎದ್ದುನಿಂತೆ. ಧೂಳೆದ್ದಿತು. ಅಕ್ಕ ಏಳು ಸಲ ಸೀನಿದರು ಎಂದು ಬರೆಯಲು ಆಸೆ, ಆದರೆ ಸೀನಿದ್ದು ಎರಡೇ ಸಲ.

ನಿಘಂಟು ಅಳತೆಯ ಟೇಪು ತಂದಳು. ಇಬ್ಬರೂ ಬೀದಿಯನ್ನು ಕೆಳಗಿಂದ ಮೇಲಕ್ಕೆ ಜಾಲಾಡಿದೆವು. ಎರಡು ಕಲ್ಲುಗಂಬಗಳ ಮೇಲೆ ಅಡ್ಡ ಮಲಗಿಸಿದ ಒಂದು ಚಪ್ಪಡಿ, ಅಷ್ಟೇ. ದಿನಾ ನೋಡುತ್ತಿದ್ದರೂ ಕಂಡಿರಲಿಲ್ಲ. ಒಂದರ ಮೇಲೆ ಬೀಗದಣ್ಣ ಕೀಲಿ ಉಜ್ಜುವ ಯಂತ್ರ ಇಟ್ಟಿದ್ದ. ಇನ್ನೊಂದರ ಮೇಲೆ ದಪ್ಪ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತಿದ್ದರು. ಹಸಿರು ಬಾಗಿಲಿನವರು ಹೂಕುಂಡ ಸಾಲಿಟ್ಟಿದ್ದರು. ಏಳನೆಯದು ದರ್ಜಿ ಅಂಗಡಿಯ ಮುಂದೆಯೇ, ಬಟ್ಟೆಯ ಥಾನುಗಳ ಕೆಳಗೆ.

"ಲೇ," ಎಂದಳು ನಿಘಂಟು, ನನ್ನ ಕಥೆಗಳ ಪಟ್ಟಿಯನ್ನೂ ಕಲ್ಲುಗಳ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು. "ನಿಮ್ಮಜ್ಜಿ ಒಂದ್ಕಡೆನಾದ್ರೂ ಕಲ್ಲಿಲ್ದಿರೋ ಜಾಗದಲ್ಲಿ ಕಥೆ ಹೇಳಿದಾರಾ?"

ಇರಲಿಲ್ಲ. ಏಳು ಕಲ್ಲಿಗೆ ಏಳು ಕಥೆ, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಇನ್ನೂ ಒಂದು ವಿಷಯ ಹೊಳೆಯಿತು. ಮೇಲೇರಿದಂತೆ ಕಥೆ ಉದ್ದವಾಗುತ್ತಿತ್ತು. ಮೊದಲ ಕಲ್ಲಿನದು ಎರಡು ನಿಮಿಷಕ್ಕೆ ಮುಗಿಯುವ ಇರುವೆ-ಗುಬ್ಬಿಯ ಕಥೆ. ಏಳನೆಯದರಲ್ಲಿ ಏಳು ಸಮುದ್ರ ದಾಟಿ, ಏಳು ಅಣ್ಣತಮ್ಮಂದಿರಿಗೆ ಮದುವೆ ಮಾಡಿ, ಊಟ ಬಡಿಸಿ, ಎಂಜಲೆಲೆ ತೆಗೆದರೂ ಮುಗಿಯುತ್ತಿರಲಿಲ್ಲ. ಶಾಲೆಯ ಗಂಟೆ ಹೊಡೆದುಬಿಡುತ್ತಿತ್ತು.

"ಮೊಣಕಾಲು!" ಎಂದು ಕೂಗಿದೆ. "ಅಜ್ಜಿಗೆ ಮೊಣಕಾಲು ನೋವು ಕಣೇ! ಏರು ಹತ್ತೋಕಾಗ್ದೆ ಕಲ್ಲಿದ್ದಲ್ಲೆಲ್ಲ ಕೂತು ಸುಧಾರಿಸ್ಕೊಳ್ತಿದ್ಲು. ನಂಗೆ ಬೇಜಾರಾಗ್ಬಾರ್ದು ಅಂತ ಕಥೆ!"

"ಅಜ್ಜೀನ ಕೇಳಿದ್ಯಾ?"

"ಕೇಳೋದೇನು? ಈಗ್ಲೂ ಮೆಟ್ಟಿಲು ಹತ್ತುವಾಗ ಅಮ್ಮಾ ಅಂತಾಳೆ. ಮುಗೀತಲ್ಲ."

ಎಷ್ಟು ಚೆಂದದ ಸಂಗತಿ ಅನ್ನಿಸಿತು ಎಂದರೆ, ಕೇಳಿ ಹಾಳುಮಾಡಿಕೊಳ್ಳಲು ಮನಸ್ಸೇ ಬರಲಿಲ್ಲ. ಆಧಾರಪಟ್ಟಿಯಲ್ಲಿ ಒಂದರಿಂದ ಆರನೆಯ ಕಲ್ಲಿನವರೆಗೆ "ದಾಖಲೆ ಪುಸ್ತಕ, ಪುಟ ೩೧" ಎಂದು ಬರೆದೆ. ಏಳನೆಯದಕ್ಕೆ ಮಾತ್ರ, "ದಾಖಲೆ ಪುಸ್ತಕ ಮತ್ತು ನನ್ನ ಅಜ್ಜಿಯ ಮೊಣಕಾಲು."

ಪರೀಕ್ಷೆಯ ಬೆಳಿಗ್ಗೆ ಹತ್ತು ಮಂದಿ ಪ್ರವಾಸಿಗರು ದೋಣಿಕಟ್ಟೆಯಲ್ಲಿ ಸೇರಿದರು. ಮೇಷ್ಟ್ರು ಬಂದರು, ಜೇಬು ಬಂತು. ಜೊತೆಗೆ ಹೊರಗಿನ ಪರೀಕ್ಷಕಿ. ಯಾವುದೋ ವಸ್ತುಸಂಗ್ರಹಾಲಯದಲ್ಲಿ ಮೂವತ್ತು ವರ್ಷ ಮಡಕೆ ಚೂರು ಅಂಟಿಸಿದ ಹೆಂಗಸು. ಯಾರು ಮಾತಾಡಿದರೂ, ಎಲ್ಲಿ ಬಿರುಕಿದೆ ಎಂದು ಹುಡುಕುವಂತೆ ಕತ್ತು ಓರೆಮಾಡಿ ಕೇಳುತ್ತಿದ್ದರು.

ಮೇಷ್ಟ್ರು ನಿಯಮ ಓದಿದರು. ಮೂರು ಗಂಟೆಗೆ ನಪಾಸು. ಹನ್ನೊಂದನೆಯ ನಿಯಮವನ್ನು ಎಂದಿನಂತೆ ಗೊಣಗಿ ಮುಗಿಸಿದರು: ತಾನು ಹೇಳಿದ ತಪ್ಪನ್ನು ಗುಂಪು ಅಲ್ಲಿಂದ ಕದಲುವ ಮೊದಲೇ ಗೈಡು ತಾನಾಗಿ ತಿದ್ದಿಕೊಂಡರೆ ಗಂಟೆ ಲೆಕ್ಕಕ್ಕಿಲ್ಲ. ಅದನ್ನು ಇದುವರೆಗೆ ಯಾರೂ ಬಳಸಿರಲಿಲ್ಲ. ಹತ್ತು ಮಂದಿಯ ಮುಂದೆ "ನಾನು ತಪ್ಪು ಹೇಳಿದೆ" ಎನ್ನುವುದಕ್ಕಿಂತ ನಪಾಸಾಗುವುದೇ ವಾಸಿ ಎಂಬುದು ನಮ್ಮೆಲ್ಲರ ಮರ್ಯಾದೆಯ ಲೆಕ್ಕ.

ಮೊದಲ ಕಲ್ಲು ಚೆನ್ನಾಗಿ ಹೋಯಿತು. ನಿಘಂಟುವಿನ ತಲೆಯ ಮೇಲೆ ಒಂದು ಅಕ್ಕಿಯ ಚೀಲ ಹೊರಿಸಿ, ಯಾರ ಸಹಾಯವೂ ಇಲ್ಲದೆ ಕಲ್ಲಿನ ಮೇಲೆ ಇಳಿಸಿ ತೋರಿಸು ಎಂದೆ. ಕಲ್ಲಿಗೆ ಎದುರಾಗಿ ನಿಂತು, ಸ್ವಲ್ಪ ಮಂಡಿ ಬಾಗಿಸಿ, ತಲೆ ಮುಂದಕ್ಕೆ ಬಗ್ಗಿಸಿದಳು. ಚೀಲ ಧೊಪ್ಪೆಂದು ಕಲ್ಲಿನ ಮೇಲೆ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡನೆಯ ಕಲ್ಲಿನ ಬಳಿ ನಾಲಿಗೆ ಜಾರಿತು. "ಹಮಾಲರು ಹಾಡು ಹೇಳುತ್ತ ಏರುತ್ತಿದ್ದರು..."

ಟ್ರಿಣ್.

ಬೀಗದಂಗಡಿಯ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಬೀಗದಣ್ಣ ಶುರುಮಾಡಿದ. "ಈ ಕಲ್ಲು ನಮ್ಮ ತಾತ ಒಬ್ನೇ ಎತ್ತಿ ಇಟ್ಟಿದ್ದು!"

ಟ್ರಿಣ್.

"ಸಾರ್, ಅದು ನಾನು ಹೇಳಿದ್ದಲ್ಲ!"

"ಗೊತ್ತಮ್ಮ," ಎಂದರು ಮೇಷ್ಟ್ರು, ತುಸು ನಾಚಿ. "ಕೈ ತಾನಾಗೇ ಹೋಯ್ತು. ಇದು ಲೆಕ್ಕಕ್ಕಿಲ್ಲ."

"ಎತ್ತಿದ್ದು ಅಲ್ದಿದ್ರೆ ಬೇಡ," ಎಂದ ಬೀಗದಣ್ಣ, ಮುಖ ಊದಿಸಿ. "ಒರಗಿ ನಿಂತಿದ್ದಂತೂ ನಾನೇ ಕಣ್ಣಾರೆ ಕಂಡಿದೀನಿ. ಅದಕ್ಕೂ ಬಾರಿಸ್ತೀರಾ?"

ಅದಕ್ಕೆ ಬಾರಿಸಲಿಲ್ಲ. ಐದನೆಯ ಕಲ್ಲಿನ ಬಳಿ, ಇಸ್ತ್ರಿಪೆಟ್ಟಿಗೆಯ ಬಿಸಿಗೋ ಭಯಕ್ಕೋ ಬೆವೆತು, "ಈ ಕಲ್ಲೇ ಎಲ್ಲಕ್ಕಿಂತ ಹಳೆಯದು" ಎಂದುಬಿಟ್ಟೆ. ಟ್ರಿಣ್. ಎರಡಾಯಿತು. ಆರನೆಯ ಕಲ್ಲಿನ ಬಳಿ ಅಡಿ, ಅಂಗುಲ, ಪುಟಸಂಖ್ಯೆ ಬಿಟ್ಟು ಇನ್ನೊಂದು ಅಕ್ಷರ ಆಡಲಿಲ್ಲ. ಪ್ರವಾಸಿಗರೊಬ್ಬರು ಆಕಳಿಸಿದರು.

ಏಳನೆಯ ಕಲ್ಲಿನ ಮೇಲಿನ ಥಾನುಗಳನ್ನು ದರ್ಜಿ ಮೊದಲೇ ತೆಗೆದಿಟ್ಟಿದ್ದರು. ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದಳು. ತೊಡೆಯ ಮೇಲೆ ಯಾರದೋ ಅಂಗಿ, ಕೈಯಲ್ಲಿ ಅರ್ಧ ಹೊಲಿದ ಕಾಜ. ಅವಳನ್ನು ಕಂಡು ಧೈರ್ಯ ಬಂತು. ಚೆಂದಕ್ಕೆ ಶುರುಮಾಡಿದೆ. ಹಮಾಲರು ಹೋದರು, ಲಾರಿ ಬಂತು, ಕಲ್ಲು ಉಳಿಯಿತು ಎಂದೆ. ಆಮೇಲೂ ಒಬ್ಬರು ಈ ಏಳು ಕಲ್ಲನ್ನು ಬಿಟ್ಟಿರಲಿಲ್ಲ, ನನ್ನ ಅಜ್ಜಿ ಎಂದೆ. "ಮೊಮ್ಮಗಳನ್ನು ಶಾಲೆಗೆ ಕರೆತರುವಾಗ ಮೊಣಕಾಲು ನೋವಿಗೆ ಪ್ರತಿ ಕಲ್ಲಿನ ಮೇಲೂ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಕೂತಷ್ಟು ಹೊತ್ತು ಒಂದು ಕಥೆ."

ಪ್ರವಾಸಿಗರು ಆಹಾ ಎಂದರು. ಮೇಷ್ಟ್ರು ಆಧಾರಪಟ್ಟಿ ನೋಡಿ ಹುಬ್ಬೇರಿಸಿದರು, ಜೇಬಿಗೆ ಕೈಹಾಕಲಿಲ್ಲ. ಆಗ ಪರೀಕ್ಷಕಿ ಕತ್ತು ಓರೆಮಾಡಿದರು. ಕಲ್ಲಿನ ಹತ್ತಿರ ಬಂದು ನಿಂತರು. ಚಪ್ಪಡಿ ಅವರ ಎದೆಗೆ ಬಂತು.

"ಅಲ್ಲಮ್ಮ, ಮೊಣಕಾಲು ನೋವಿರೋರು ಇಷ್ಟೆತ್ತರ ಹತ್ತಿ ಹೇಗೆ ಕೂತ್ರು?"

ನಾನು ಕಲ್ಲು ನೋಡಿದೆ. ಅಜ್ಜಿಯನ್ನು ನೋಡಿದೆ. ಅವಳು ನಿಂತರೆ ಚಪ್ಪಡಿ ಅವಳ ಎದೆಮಟ್ಟಕ್ಕೆ ಬರುತ್ತದೆ. ಅದನ್ನು ಏರಬೇಕೆಂದರೆ ಏಣಿ ಬೇಕು. ಏಳು ಕಲ್ಲನ್ನೂ ಅಂಗುಲ ಅಂಗುಲ ಅಳೆದವಳಿಗೆ ಇದು ಹೊಳೆದಿರಲಿಲ್ಲ! ಮೇಷ್ಟ್ರ ಹೆಬ್ಬೆರಳು ನಿಧಾನವಾಗಿ ಜೇಬಿನ ಕಡೆ ಹೊರಟಿತು.

ಹಿಂದಿನ ನಾನಾಗಿದ್ದರೆ ತಡವರಿಸುತ್ತಿರಲಿಲ್ಲ. ಆಗ ಪಕ್ಕದಲ್ಲಿ ಮೂರು ಮೆಟ್ಟಿಲಿದ್ದವು ಎನ್ನುತ್ತಿದ್ದೆ. ಆ ಮೆಟ್ಟಿಲು ಕಡೆದವನಿಗೆ ಒಬ್ಬಳು ತಂಗಿಯನ್ನೂ ಕೊಡುತ್ತಿದ್ದೆ. ಮಾತು ತುಟಿಯವರೆಗೆ ಬಂದಿತ್ತು ಕೂಡ. ಆದರೆ ಅಜ್ಜಿ ಕಾಜದಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತಿದ್ದಳು, ಮೂಗುಬೊಟ್ಟು ಮಿನುಗುತ್ತಿತ್ತು. ಅವಳ ಬಗ್ಗೆ ಅವಳೆದುರಿಗೇ ಹೇಗೆ ಕಥೆ ಕಟ್ಟಲಿ? ನಿಜವಾಗಿ ಗಡಿಯಾರ ಮಾಡಿದ ಮನುಷ್ಯ ಎಲ್ಲಿಗೆ ಹೋಗಬೇಕು ಎಂದು ಮೇಷ್ಟ್ರು ಕೇಳಿದ್ದು ಆಗ ಅರ್ಥವಾಯಿತು.

"ಸಾರ್, ಹನ್ನೊಂದನೇ ನಿಯಮ," ಎಂದೆ. "ನಾನು ಹೇಳಿದ್ದು ತಪ್ಪು. ಅಜ್ಜೀನ ಕೇಳ್ದೆ ಬರ್ದೆ. ಈಗ ಕೇಳ್ತೀನಿ."

ಹೆಬ್ಬೆರಳು ನಿಂತಿತು.

"ಅಜ್ಜೀ, ಕಥೆ ಹೇಳೋಕೆ ಇಲ್ಲೆಲ್ಲ ಯಾಕೆ ನಿಲ್ತಿದ್ದೆ?"

"ಈಗ ಕೇಳ್ತೀಯಲ್ಲೇ, ಮಹಾರಾಯ್ತಿ," ಎಂದಳು ಅಜ್ಜಿ, ದಾರವನ್ನು ಹಲ್ಲಲ್ಲಿ ಕಡಿದು. "ಯಾರಿಗೆ ಮೊಣಕಾಲು ನೋವು? ಅದು ಶುರುವಾಗಿದ್ದು ಹೋದ ವರ್ಷ. ಆಗ ನಾನು ಈ ಏರನ್ನ ಕುದುರೆ ಥರ ಹತ್ತುತ್ತಿದ್ದೆ. ಆದ್ರೆ ಸೊಂಟದ ಮೇಲೆ ನೀನು ಇದ್ಯಲ್ಲ! ನಡಿ ಅಂದ್ರೆ ನಡೀತಿರ್ಲಿಲ್ಲ. ಶಾಲೆ ಬೇಡ ಅಂತ ಗೋಳೋ ಅಂತಿದ್ದೆ. ಎತ್ಕೊಂಡು ಬರ್ಬೇಕು, ಜೊತೆಗೆ ನಿನ್ನ ಬ್ಯಾಗು, ನನ್ನ ಬುತ್ತಿ."

"ಮತ್ತೆ ಕಲ್ಲು?"

"ನೆಲಕ್ಕೆ ಇಳಿಸಿದ್ರೆ ಮನೆ ಕಡೆ ಓಟ ಕಿತ್ತುಬಿಡ್ತಿದ್ದೆ. ಬಗ್ಗಿ ಮತ್ತೆ ಎತ್ತೋಕೆ ಯಾರಿಂದಾಗುತ್ತೆ? ಇದರ ಮೇಲೆ ಕೂರಿಸಿದ್ರೆ ನೀನೂ ಇಳಿಯೋ ಹಾಗಿಲ್ಲ, ನಾನೂ ಬಗ್ಗೋ ಹಾಗಿಲ್ಲ. ಕೂರಿಸಿ, ಉಸಿರು ಹತೋಟಿಗೆ ಬರೋವರೆಗೂ ಏನೋ ಒಂದು ಕಥೆ. ನಿನಗಲ್ಲ ಕಣೇ ಕಥೆ, ನನ್ನ ಉಸಿರಿಗೆ. ಮೇಲೆ ಹತ್ತಿದಷ್ಟೂ ಏದುಸಿರು ಜಾಸ್ತಿ, ಕಥೇನೂ ಜಾಸ್ತಿ."

ಗುಂಪು ಘೊಳ್ಳೆಂದಿತು. ನನಗೆ ಕಾಲಾಡಿಸಿದ ನೆನಪು ಬಂತು. ನೆಲಕ್ಕೆ ತಾಕದ ಪುಟ್ಟ ಕಾಲು. ನನ್ನ ಮುಖಕ್ಕೆ ಸಮನಾಗಿ ಅವಳ ಮುಖ. ಅವಳು ಎಂದೂ ಕೂತಿರಲೇ ಇಲ್ಲ.

ಪ್ರವಾಸಿಗರ ಕಡೆ ತಿರುಗಿ, ಬೆನ್ನು ನೆಟ್ಟಗೆ ಮಾಡಿ, ಗೈಡಿನ ದನಿಯಲ್ಲಿ ತಿದ್ದಿಕೊಂಡೆ. "ಹದಿನೇಳು ವರ್ಷದ ಹಿಂದೆ ಈ ಏಳು ಹೊರೆಗಲ್ಲುಗಳನ್ನು, ಅವು ಯಾತಕ್ಕೆ ಇದ್ದವೋ ಅದೇ ಕೆಲಸಕ್ಕೆ, ಕೊನೆಯದಾಗಿ ಬಳಸಿದವರಲ್ಲಿ ಒಬ್ಬರು ನನ್ನ ಅಜ್ಜಿ. ಹೊರೆ ನಾನು."

"ತೂಕ?" ಎಂದರು ಪರೀಕ್ಷಕಿ, ಲೇಖನಿ ಹಿಡಿದು. ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ.

"ಹದಿನೆಂಟು ಕಿಲೋ," ಎಂದಳು ಅಜ್ಜಿ. "ಬ್ಯಾಗು ಬಿಟ್ಟು."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅದಕ್ಕೆ ಆಧಾರ ಏನಮ್ಮಾ?"

"ನನ್ನ ಸೊಂಟ," ಎಂದಳು ಅಜ್ಜಿ. "ಬಾರ್ಸು, ನೋಡೋಣ."

ಬಾರಿಸಲಿಲ್ಲ. ಜೇಬಿನಿಂದ ಕೈ ಹೊರಬಂದಾಗ ಅದರಲ್ಲಿದ್ದದ್ದು ಕರವಸ್ತ್ರ. ಕನ್ನಡಕ ಒರೆಸಿಕೊಂಡು ಅಂಕಪಟ್ಟಿಯಲ್ಲಿ ಹನ್ನೊಂದನೆಯ ನಿಯಮದ ಎದುರು, ಅಷ್ಟು ವರ್ಷ ಖಾಲಿಯಿದ್ದ ಚೌಕದಲ್ಲಿ, ಒಂದು ಸರಿ ಗುರುತು ಹಾಕಿದರು. ಎರಡು ಗಂಟೆ. ಪಾಸು. ನಿಘಂಟು ನನ್ನ ಬೆನ್ನಿಗೆ ಗುದ್ದಿದ ಗುದ್ದಿಗೆ ಇವತ್ತಿಗೂ ಆಧಾರ ಕೊಡಬಲ್ಲೆ.

ಎಲ್ಲ ಮುಗಿದರೂ ಪರೀಕ್ಷಕಿ ಹೊರಡಲಿಲ್ಲ. ಕಲ್ಲಿಗೆ ಮೊಣಕೈ ಊರಿ ನಿಂತು ಅಜ್ಜಿಯನ್ನು ಕೇಳಿದರು. "ಈ ಕಲ್ಲಿನ ಕಥೆ ಯಾವುದಮ್ಮ?"

"ದೊಡ್ಡದು," ಎಂದಳು ಅಜ್ಜಿ. "ಸ್ಕೂಲಿನ ಗಂಟೆ ಹೊಡೆದು ಹೊಡೆದು ಒಂದಿನಾನೂ ಪೂರ್ತಿ ಹೇಳೋಕಾಗ್ಲಿಲ್ಲ."

ಹೌದಲ್ಲ! ಏಳು ಅಣ್ಣತಮ್ಮಂದಿರ ಊಟವಾಗಿ ಎಲೆ ತೆಗೆಯುವವರೆಗೆ ಮಾತ್ರ ನಾನು ಕೇಳಿದ್ದೆ. ಆಮೇಲೇನಾಯಿತು ಎಂಬುದು ನನಗೂ ಗೊತ್ತಿರಲಿಲ್ಲ. ಎರಡೂ ಕೈ ಊರಿ, ಒಂದೇ ನೆಗೆತಕ್ಕೆ ಕಲ್ಲಿನ ಮೇಲೆ ಹತ್ತಿ ಕೂತೆ. ಕಾಲು ಈಗಲೂ ನೆಲಕ್ಕೆ ತಾಕುವುದಿಲ್ಲ. ಅಜ್ಜಿ ಅಂಗಿ ಮಡಿಸಿಟ್ಟು, ಸ್ಟೂಲಿನಿಂದ "ಅಮ್ಮಾ" ಎನ್ನುತ್ತ ಎದ್ದು ಬಂದು ನನ್ನೆದುರು ನಿಂತಳು. ಪ್ರವಾಸಿಗರು ಸುತ್ತ ಸೇರಿದರು.

"ಎಲ್ಲಿಗೆ ಬಂದಿದ್ವಿ?"

"ಎಲೆ ತೆಗೆದ್ರು."

"ಹಾಂ. ಎಲೆ ತೆಗೆದ್ರು. ತೆಗೆದು ನೋಡ್ತಾರೆ, ಏಳನೇ ಎಲೆ ಕೆಳಗೆ ಒಂದು ಬಾಗಿಲು..."

ಹಿಂದಿನಿಂದ, ಅಭ್ಯಾಸಬಲ, ಟ್ರಿಣ್.

ಅಜ್ಜಿ ತಿರುಗಿ ನೋಡಿದ ನೋಟಕ್ಕೆ ಮೇಷ್ಟ್ರು ಗಂಟೆಯನ್ನು ತೆಗೆದು ಅಂಗಡಿಯ ದರ್ಜಿಯ ಕೈಗೆ ಕೊಟ್ಟು, ಮುಂದೆ ಬಂದು, ಅಜ್ಜಿ ಬಿಟ್ಟೆದ್ದ ಸ್ಟೂಲಿನ ಮೇಲೆ ಕೈಕಟ್ಟಿ ಕೂತರು.

"ಹೇಳಿ ಅಮ್ಮಾ," ಎಂದರು. "ಬಾಗಿಲು ತೆಗೆದ್ರಾ?"